ಮೂಗಿಗಿಂತ ಮೂಗುತಿ ಭಾರವೆ?

ಕೈಗಡಿಯಾರವನ್ನು ಕುರಿತು ಮಾತನಾಡುವವರು ಅನೇಕರುಂಟು. ಅದನ್ನು ಕೈಗೆ ಕಟ್ಟಿ ಹಿಡಿದಿರುವ ಪಟ್ಟಿಯನ್ನು ಕುರಿತು ಮಾತನಾಡುವವರು ಬಹು ವಿರಳ. ಗಡಿಯಾರ ಯಾವ ಕಂಪನಿಯದು, ಎಷ್ಟು ಹರಳಿನದು, ದಿನಕ್ಕೆ ಎಷ್ಟು ನಿಮಿಷ ಮುಂದೆ ಓಡುತ್ತದೆ, ಮಾವ ಕೊಟ್ಟದ್ದೋ ಸ್ವಂತ ದುಡಿಮೆಯದೋ ಎಂದು ಕೆದಕಿ ಕೇಳುವ ನಮ್ಮ ಜನ, ಪಟ್ಟಿಯ ಸುದ್ದಿಯನ್ನು ಮಾತ್ರ ಎತ್ತುವುದಿಲ್ಲ. ಪಲ್ಲಕ್ಕಿಯಲ್ಲಿ ಕುಳಿತವರ ಮೇಲೆ ಎಲ್ಲರ ಕಣ್ಣು. ಹೊತ್ತವರ ಹೆಗಲು ಯಾರಿಗೂ ಕಾಣದು. ಹೊತ್ತವನ ಕಾಲು ಜಾರಿದ ದಿನ ಮಾತ್ರ ಅವನೊಬ್ಬನಿದ್ದನೆಂಬುದು ನೆನಪಾಗುತ್ತದೆ.

ನಾನು ಬಸವೇಶ್ವರನಗರದ ನಿವಾಸಿ. ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ವರ್ಷಗಳಾದವು. ಮುಂಜಾನೆ ಹಾವನೂರು ವೃತ್ತದ ಕಡೆಗೆ ಒಂದು ಸುತ್ತು, ಸಂಜೆ ರಾಜಾಜಿನಗರದ ಕಡೆಗೆ ಇನ್ನೊಂದು ಸುತ್ತು, ಇವೆರಡರ ನಡುವೆ ಪತ್ರಿಕೆ ಮತ್ತು ಕಾಫಿ, ಇಷ್ಟರಲ್ಲಿ ದಿನ ಕಳೆಯುತ್ತದೆ. ಇಂಥವನಿಗೆ ಗಡಿಯಾರವಾದರೂ ಏತಕ್ಕೆ ಎಂದು ನನ್ನ ಸೊಸೆ ಕೇಳಿದ್ದುಂಟು. ಕೇಳಬೇಕಾದ ಪ್ರಶ್ನೆಯೇ. ಸಮಯ ತಿಳಿಯಲು ಜೇಬಿನಲ್ಲಿ ಫೋನಿದೆ. ಆದರೆ ಐವತ್ತು ವರ್ಷ ಕಟ್ಟಿದ ಕೈಗೆ ಗಡಿಯಾರವಿಲ್ಲದಿದ್ದರೆ, ಏನೋ ಮರೆತು ಬಂದೆನೆಂಬ ಕಳವಳ ದಿನವೆಲ್ಲ ಬಿಡುವುದಿಲ್ಲ.

ಬೆಂಗಳೂರು ತಂಪಿನ ಊರೆಂಬುದು ಹಳೆಯ ಮಾತು. ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಮಾಗಡಿ ರಸ್ತೆಯ ಪಕ್ಕದಲ್ಲಿ ಬಸ್ಸಿಗೆ ಕಾದು ನಿಂತವರು ಆ ಮಾತನ್ನು ಬಾಯಿಬಿಟ್ಟು ಹೇಳಲಾರರು. ತೊಗಲಿನ ಪಟ್ಟಿ ಆ ಬೆವರನ್ನೆಲ್ಲ ಕುಡಿದು ಕಮಟು ಹಿಡಿಯುತ್ತದೆ. ಮಳೆಗಾಲ ಬಂದರೆ ಬೂಸಲು ಕಟ್ಟುತ್ತದೆ. ಉಕ್ಕಿನ ಚೈನಾದರೋ ಮುಂಗೈಯ ರೋಮವನ್ನು ಒಂದೊಂದಾಗಿ ಕೀಳುತ್ತದೆ. ಇವೆರಡನ್ನೂ ಬಿಟ್ಟವರಿಗೆ ಉಳಿಯುವ ದಾರಿ ನೂಲಿನ ಪಟ್ಟಿ, ಅಂದರೆ ಮಗ್ಗದಲ್ಲಿ ನೇಯ್ದ ಪಟ್ಟಿ. ನಮ್ಮ ಹಳೆಯ ಮಂಚಗಳಿಗೆ ಹೆಣೆಯುತ್ತಿದ್ದ ನವಾರವನ್ನು ನೆನೆಸಿಕೊಂಡರೆ ಇದರ ರೂಪ ತಿಳಿಯುತ್ತದೆ. ನವಾರದ ಕಿರಿಯ ತಂಗಿ ಎಂದರೂ ಸಲ್ಲುತ್ತದೆ. ಅಂಗಡಿಯವರು ಇದನ್ನು 'ನೈಲಾನ್ ಬೆಲ್ಟು' ಎನ್ನುತ್ತಾರೆ.

ಈ ನೈಲಾನ್ ಬೆಲ್ಟಿನಲ್ಲಿಯೂ ಎರಡು ಜಾತಿ. ರಾಜಾಜಿನಗರದ ನವರಂಗದ ಬಳಿ ಪಾದಚಾರಿ ದಾರಿಯ ಅಂಚಿನಲ್ಲಿ ಹಲಗೆಯ ಮೇಲೆ ಹರಡಿಕೊಂಡು ಮಾರುವವನಿಂದ ನಾನು ಕೊಂಡದ್ದಕ್ಕೆ 180 ರೂಪಾಯಿ. ಮಗ ತರಿಸಿಕೊಟ್ಟ ವಿದೇಶದ ಪಟ್ಟಿಗೆ 2,400 ರೂಪಾಯಿ. ಎರಡೂ ಬಟ್ಟೆಯೇ, ಎರಡೂ ನೀಲಿಯೇ, ಎರಡೂ ಹದಿನೆಂಟು ಮಿಲಿಮೀಟರಿನ ಅಗಲವೇ. ಒಂದರ ಬೆಲೆಗೆ ಇನ್ನೊಂದು ಹದಿಮೂರು ಬರುತ್ತದೆಂದರೆ, ಗೃಹಸ್ಥನಾದವನು ಕಾರಣವನ್ನು ಹುಡುಕದೆ ಸುಮ್ಮನಿರಲಾದೀತೆ?

ಹುಡುಕುವುದಕ್ಕೆ ಇನ್ನೂ ಒಂದು ಕಾರಣವಿತ್ತು. ಆ ಪಟ್ಟಿ ಹೊರಬೇಕಾಗಿದ್ದ ಗಡಿಯಾರ ಎಚ್‌ಎಂಟಿ 'ಜನತಾ'. ನನ್ನ ಅಕ್ಕ ಕೊಟ್ಟದ್ದು. ಆಕೆ ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ ಜೋಡಣೆಯ ವಿಭಾಗದಲ್ಲಿದ್ದಳು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಾಯದಿಂದ ಆ ಕಾರ್ಖಾನೆ ಏರ್ಪಟ್ಟದ್ದು 1961ರಲ್ಲಿ. ಜನತಾ, ಪೈಲಟ್, ಸೋನಾ, ಕಾಂಚನ ಎಂದು ನಾಡಿನ ಮನೆಮನೆಗೂ ಗಡಿಯಾರ ಹೋದದ್ದು ಅಲ್ಲಿಂದಲೇ. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟಿಗೆಯಿಂದ ಎತ್ತಿ ಕೂರಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರು. ಆಗ ನಾವೆಲ್ಲ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಕತ್ತಲೆ ಹರಿಯುವ ಮುನ್ನವೇ ಅಕ್ಕ ಎದ್ದು, ತಲೆ ಬಾಚಿ, ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಬಸ್ಸಿಗೆ ಓಡುತ್ತಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. 1976ರಲ್ಲಿ ನನಗೆ ಕೆಲಸ ಸಿಕ್ಕಿದಾಗ ತನ್ನ ಸಂಬಳದಲ್ಲಿ ಉಳಿಸಿ ಈ ಜನತಾ ಗಡಿಯಾರವನ್ನು ತಂದುಕೊಟ್ಟಳು. "ತಡವಾಗಿ ಹೋಗಿ ಮೇಲಿನವರ ಕೈಲಿ ಮಾತು ಕೇಳಬೇಡ" ಎಂದಳೇ ಹೊರತು ಬೇರೆ ಉಪದೇಶ ಮಾಡಲಿಲ್ಲ.

ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಜಾಲಹಳ್ಳಿಯಲ್ಲಿ ಅದರ ಕಥೆ ಹೇಳುವ ವಸ್ತುಸಂಗ್ರಹಾಲಯವಿದೆ. ಹಳೆಯ ಜನತಾ ಗಡಿಯಾರಗಳು ಸಂತೆಯಲ್ಲಿಯೂ ಸಿಗುತ್ತವೆ, ಸುಳ್ಳಲ್ಲ. ಆದರೆ ಅಕ್ಕ ಕೊಟ್ಟ ಗಡಿಯಾರ ಒಂದೇ ಒಂದು. ಅದು ಕೆಳಗೆ ಬಿದ್ದು ಒಳಗಿನ ಅಚ್ಚು ಮುರಿದರೆ, ಬೆಲೆ ಎಷ್ಟೆಂದು ಹೇಳುವ ಅಂಗಡಿ ಎಲ್ಲಿಯೂ ಇಲ್ಲ. ಬೆಲೆ ಕಟ್ಟಲಾಗದ ವಸ್ತುವನ್ನು ಹೊರುವ ಪಟ್ಟಿಗೆ ಎಷ್ಟು ಬೆಲೆ ಕೊಡಬೇಕು? ಈ ಲೇಖನದ ಪ್ರಶ್ನೆ ಇಷ್ಟೇ.

ಮೊದಲು ಈ ಪಟ್ಟಿಯ ವಂಶಾವಳಿಯನ್ನು ಸ್ವಲ್ಪ ನೋಡೋಣ. ನೈಲಾನ್ ಎಂಬ ನೂಲನ್ನು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ ಮತ್ತು ಅವನ ಸಂಗಡಿಗರು 1935ರಲ್ಲಿ ಮಾಡಿದರು. 1938ರಲ್ಲಿ ಜಗತ್ತಿಗೆ ಸಾರಿದರು. ಹೆಂಗಸರ ಕಾಲುಚೀಲಗಳಲ್ಲಿ ರೇಷ್ಮೆಯ ಸ್ಥಾನವನ್ನು ಕಿತ್ತುಕೊಂಡ ಈ ನೂಲು, ಯುದ್ಧಕಾಲದಲ್ಲಿ ಪ್ಯಾರಾಚೂಟಿಗೂ ಹಗ್ಗಕ್ಕೂ ಹೋಯಿತು. ಗಡಿಯಾರದ ಪಟ್ಟಿಗೆ ಶಾಸ್ತ್ರೋಕ್ತವಾದ ಲಕ್ಷಣವನ್ನು ಬರೆದವರು ಬ್ರಿಟಿಷ್ ರಕ್ಷಣಾ ಇಲಾಖೆಯವರು. 1973ರ ನವೆಂಬರಿನಲ್ಲಿ ಹೊರಟ ಅವರ ನಿಯಮಾವಳಿಯಲ್ಲಿ ಪಟ್ಟಿಯ ಉದ್ದ 280 ಮಿಲಿಮೀಟರು, ಅಗಲ 20 ಮಿಲಿಮೀಟರು, ಬಣ್ಣ ಬೂದಿ. ಸೈನಿಕರು ಉಗ್ರಾಣದಿಂದ ಇದನ್ನು ಪಡೆಯಲು ತುಂಬುತ್ತಿದ್ದ ನಮೂನೆಯ ಹೆಸರಿನಿಂದ ಇದಕ್ಕೆ 'ಜಿ-10' ಎಂಬ ಹೆಸರು ಬಂದಿತು. ಉಗ್ರಾಣದ ಪಟ್ಟಿಯ ಅಂಕೆಯಿಂದ ಬಂದ 'ನೇಟೋ' ಎಂಬ ಹೆಸರು ಅಂಗಡಿಗಳಲ್ಲಿ ಇಂದಿಗೂ ನಡೆಯುತ್ತಿದೆ.

ಆ ಪಟ್ಟಿಯ ಬುದ್ಧಿವಂತಿಕೆ ಅದರ ಹೊಲಿಗೆಯಲ್ಲಿದೆ. ಸೈನ್ಯದ ಗಡಿಯಾರಗಳಲ್ಲಿ ಪಟ್ಟಿ ಸಿಕ್ಕಿಸುವ ಕಡ್ಡಿಗಳನ್ನು ಕಳಚದಂತೆ ಗಡಿಯಾರದ ಮೈಗೇ ಬೆಸೆದಿರುತ್ತಿದ್ದರು. ಅಂಥ ಗಡಿಯಾರಕ್ಕೆ ಎರಡು ತುಂಡಿನ ಪಟ್ಟಿಯನ್ನು ಸಿಕ್ಕಿಸಲು ಸಾಧ್ಯವಿಲ್ಲ. ಆದ್ದರಿಂದ ಒಂದೇ ತುಂಡಾಗಿ ನೇಯ್ದ ಪಟ್ಟಿ ಒಂದು ಕಡ್ಡಿಯ ಕೆಳಗೆ ನುಸುಳಿ, ಗಡಿಯಾರದ ಬೆನ್ನಿನ ಮೇಲೆ ಹಾದು, ಇನ್ನೊಂದು ಕಡ್ಡಿಯ ಕೆಳಗೆ ಹೊರಬರುತ್ತದೆ. ಜೊತೆಗೆ ಹೊಲಿದ ಇನ್ನೊಂದು ತುಂಡು ಬಟ್ಟೆ ಗಡಿಯಾರವನ್ನು ಆಚೀಚೆ ಜಾರದಂತೆ ತಡೆಯುತ್ತದೆ. ಅಷ್ಟೇ ವಿದ್ಯೆ. ಸಿನಿಮಾ ಪ್ರಿಯರಿಗೆ ಇನ್ನೊಂದು ಸಂಗತಿ: 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಜೇಮ್ಸ್ ಬಾಂಡನಾಗಿ ನಟಿಸಿದ ಶಾನ್ ಕಾನರಿ ತನ್ನ ರೋಲೆಕ್ಸ್ ಗಡಿಯಾರಕ್ಕೆ ಗೆರೆಗಳುಳ್ಳ ಇಂಥದೇ ಬಟ್ಟೆಪಟ್ಟಿಯನ್ನು ಕಟ್ಟಿದ್ದ. ಆ ಪಟ್ಟಿ ಗಡಿಯಾರದ ಕಿವಿಗಳ ಅಗಲಕ್ಕೆ ಸಾಲದೆ ಎರಡು ಕಡೆಯೂ ಸಂದು ಕಾಣುತ್ತದೆ. ಅಷ್ಟು ದೊಡ್ಡ ಗೂಢಚಾರನಿಗೂ ಅಳತೆಯ ಪಟ್ಟಿ ಒದಗಲಿಲ್ಲವೆಂದರೆ, ನಾವು ನೀವು ಅಂಗಡಿಯಲ್ಲಿ ಅಳೆದು ನೋಡಿ ಕೊಳ್ಳುವುದರಲ್ಲಿ ನಾಚಿಕೆಪಡಬೇಕಾದ್ದಿಲ್ಲ.

ಇನ್ನು ನೇಯ್ಗೆಯ ವಿಚಾರ. ಪಶ್ಚಿಮ ಬೆಂಗಳೂರಿನವರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಬಿನ್ನಿ ಮಿಲ್ಲಿನ ಕೂಗು ಕೇಳಿ ಗಂಟೆ ತಿಳಿಯುತ್ತಿದ್ದ ಕಾಲ ಹೋಯಿತು, ನಿಜ. ಆದರೂ ಮಾಗಡಿ ರಸ್ತೆಯ ಹಿಂದಿನ ಓಣಿಗಳಲ್ಲಿ ವಿದ್ಯುತ್ ಮಗ್ಗದ ಟಕಟಕ ಶಬ್ದ ಇಂದಿಗೂ ಅಡಗಿಲ್ಲ. ಕಾಮಾಕ್ಷಿಪಾಳ್ಯದ ಕಡೆ ಚೀಲದ ಪಟ್ಟಿ, ಲಾಡಿ, ಅಂಚುಪಟ್ಟಿಗಳನ್ನು ನೇಯುವ ಒಂದು ಸಣ್ಣ ಕಾರ್ಖಾನೆಯ ಯಜಮಾನರು ನನ್ನ ಬ್ಯಾಂಕಿನ ದಿನಗಳ ಪರಿಚಯದವರು. ಎರಡು ಪಟ್ಟಿಗಳನ್ನೂ ಜೇಬಿನಲ್ಲಿಟ್ಟುಕೊಂಡು ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ.

ಅವರು ಪಟ್ಟಿಯ ಬಣ್ಣವನ್ನು ನೋಡಲಿಲ್ಲ, ಹೊಳಪನ್ನೂ ನೋಡಲಿಲ್ಲ. ಎರಡನ್ನೂ ಬೆಳಕಿಗೆ ಹಿಡಿದು ಎಡದಂಚು ಬಲದಂಚುಗಳನ್ನು ಉಗುರಿನಿಂದ ಸವರಿದರು.

"ಸ್ವಾಮಿ, ಬಟ್ಟೆಯ ಕುಲ ತಿಳೀಬೇಕಾದರೆ ಅಂಚು ನೋಡಬೇಕು. ಇದು ಸೂಜಿಮಗ್ಗದ್ದು, ಅದು ಲಾಳಿಮಗ್ಗದ್ದು" ಎಂದರು.

ನನಗೆ ಅರ್ಥವಾಗಲಿಲ್ಲವೆಂದು ಕಂಡು ಯಂತ್ರದ ಬಳಿಗೇ ಕರೆದೊಯ್ದರು. ಹಳೆಯ ಲಾಳಿಮಗ್ಗದಲ್ಲಿ ಹೊಕ್ಕಿನ ದಾರವನ್ನು ಹೊತ್ತ ಲಾಳಿ ಹಾಸಿನ ಎಳೆಗಳ ನಡುವೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತದೆ. ದಾರ ಎರಡು ಕಡೆಯೂ ತಾನಾಗಿ ತಿರುಗಿ ಬರುವುದರಿಂದ ಎರಡು ಅಂಚುಗಳೂ ಒಂದೇ ಸಮನಾಗಿ, ಗಟ್ಟಿಯಾಗಿ ಕೂರುತ್ತವೆ. ಸೂಜಿಮಗ್ಗದಲ್ಲಿ ಲಾಳಿ ಇಲ್ಲ. ಸೂಜಿಯೊಂದು ದಾರವನ್ನು ಒಂದೇ ಕಡೆಯಿಂದ ತಂದು ಹಾಕಿ ಹಿಂದಿರುಗುತ್ತದೆ. ಆಚೆಯ ಅಂಚನ್ನು ಸ್ವೆಟರ್ ಹೆಣೆದಂತೆ ಕೊಕ್ಕೆ ಹಾಕಿ ಭದ್ರಪಡಿಸಬೇಕಾಗುತ್ತದೆ. ಕೆಲಸ ಬಹಳ ವೇಗ, ಖರ್ಚು ಬಹಳ ಕಡಮೆ. ಆದರೆ ಆ ಹೆಣೆದ ಅಂಚಿನಲ್ಲಿ ಒಂದು ಕೊಂಡಿ ಕಡಿದರೆ, ಕೆಲವು ಬಗೆಯ ಹೆಣಿಗೆಯಲ್ಲಿ ಸರಸರನೆ ಬಿಚ್ಚಿಕೊಂಡು ಬರುವ ಅಪಾಯವಿದೆ. ಪಟ್ಟಿಯನ್ನು ದಿನವೂ ಬಕಲಿನೊಳಗೆ ಎಳೆಯುವಾಗ ಮೊದಲು ಸವೆಯುವುದು ಅಂಚೇ ಆದದ್ದರಿಂದ, ಇದು ಉಪೇಕ್ಷಿಸುವ ಮಾತಲ್ಲ.

ಎರಡನೆಯದು ದಾರ. ದಾರದ ದಪ್ಪವನ್ನು ಅಳೆಯುವ 'ಡೆನಿಯರ್' ಎಂಬ ಮಾತು ನಮ್ಮ ರಾಮನಗರದ ರೇಷ್ಮೆಯವರಿಗೆಲ್ಲ ಗೊತ್ತು: 9,000 ಮೀಟರು ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಡೆನಿಯರ್. ನೈಲಾನಿಗೂ ಅದೇ ಲೆಕ್ಕ. ಆದರೆ ಒಂದೇ ಡೆನಿಯರಿನ ಎರಡು ದಾರಗಳಲ್ಲಿ ಒಂದು ಕೆಲವೇ ದಪ್ಪ ಎಳೆಗಳಿಂದಲೂ ಇನ್ನೊಂದು ಅನೇಕ ಸಣ್ಣ ಎಳೆಗಳಿಂದಲೂ ಆಗಿರಬಹುದು. ಎಳೆಗಳು ಸಣ್ಣವಾದಷ್ಟೂ ಬಟ್ಟೆ ಮೃದು. ನನ್ನ ಅಗ್ಗದ ಪಟ್ಟಿ ಮುಂಗೈಯನ್ನು ತೆಂಗಿನ ನಾರಿನಂತೆ ಉಜ್ಜುತ್ತಿದ್ದುದಕ್ಕೂ, ದುಬಾರಿಯದು ಮೊದಲ ದಿನವೇ ಹಳೆಯ ಪಂಚೆಯಂತೆ ಒಗ್ಗಿದ್ದಕ್ಕೂ ಅಲ್ಲಿ ಉತ್ತರ ಸಿಕ್ಕಿತು.

ಮೂರನೆಯದು ತೂತು. ಬಕಲಿನ ಮುಳ್ಳು ಹೋಗುವ ತೂತುಗಳನ್ನು ನೈಲಾನಿನಲ್ಲಿ ಕಾಯಿಸಿದ ಮೊನೆಯಿಂದ ಸುಟ್ಟು ಮಾಡುತ್ತಾರೆ. ಎಳೆಗಳ ತುದಿ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹದವಾಗಿ ಸುಟ್ಟರೆ ನುಣ್ಣಗಿನ ಅಂಚು; ಅವಸರದಲ್ಲಿ ಸುಟ್ಟರೆ ಸೀದು ಗಂಟಾಗಿ, ಆಮೇಲೆ ಬಿರಿದು, ತೂತು ಉದ್ದಕ್ಕೆ ಬಾಯ್ತೆರೆಯುತ್ತದೆ. ದೋಸೆಗೂ ಇದಕ್ಕೂ ಕಾವಲಿಯ ಹದ ಒಂದೇ ಎಂದು ಯಜಮಾನರು ನಕ್ಕರು.

"ಅಂದರೆ ಎರಡು ಸಾವಿರದ ನಾನೂರು ರೂಪಾಯಿ ನ್ಯಾಯವೇ?" ಎಂದು ನಾನು ನೇರವಾಗಿ ಕೇಳಿದೆ.

"ನ್ಯಾಯ ಅನ್ಯಾಯ ನನಗೇಕೆ ಸ್ವಾಮಿ? ಒಳ್ಳೇ ದಾರ, ನಿಧಾನದ ಮಗ್ಗ, ಹದವಾದ ಕೆಲಸ, ಇಷ್ಟಕ್ಕೆ ಅಗ್ಗದ್ದರ ಮೂರು ನಾಲ್ಕು ಪಟ್ಟು ಕೊಡಬಹುದು. ಅದರ ಮೇಲಿನದು ಹೆಸರಿಗೆ ಕೊಡೋ ದುಡ್ಡು. ಹೆಸರು ಬೇಕಾದವರು ಕೊಡ್ತಾರೆ" ಎಂದರು.

ಹೆಸರಿಗೆ ಕೊಡುವ ದುಡ್ಡೆಲ್ಲ ದಂಡವೆಂದು ಹೇಳುವಂತಿಲ್ಲ. ಫ್ರಾನ್ಸಿನ ಸೇಂತ್ ಎತಿಯನ್ ಎಂಬ ಪಟ್ಟಣದ ಸುತ್ತಿನ ಪ್ರದೇಶ ರಿಬ್ಬನ್ ನೇಯ್ಗೆಗೆ ತಲೆತಲಾಂತರದಿಂದ ಹೆಸರಾದದ್ದು. ಅಲ್ಲಿ 1864ರಿಂದ ನಡೆದುಬಂದ ಜೂಲಿಯಾನ್ ಫೋರ್ ಎಂಬ ಮನೆತನದ ನೇಯ್ಗೆಶಾಲೆ ಇದೆ. ಸ್ವಿಟ್ಜರ್ಲೆಂಡಿನ ಟ್ಯೂಡರ್ ಗಡಿಯಾರ ಕಂಪನಿ 2010ರಿಂದ ತನ್ನ ಬಟ್ಟೆಪಟ್ಟಿಗಳನ್ನು ಅವರ ಹಳೆಯ ಜಕಾರ್ಡ್ ಮಗ್ಗಗಳಲ್ಲಿ ನೇಯಿಸುತ್ತಿದೆ. ಜಕಾರ್ಡ್ ಎಂದರೆ ನಮಗೇನೂ ಹೊಸತಲ್ಲ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ, ತೂತುಬಿದ್ದ ರಟ್ಟುಗಳ ಸಾಲಿನಿಂದ ಎಳೆಗಳನ್ನು ಎತ್ತಿಳಿಸುವ ಅದೇ ಉಪಕರಣ ನಮ್ಮ ರೇಷ್ಮೆ ಸೀರೆಯ ಅಂಚಿನಲ್ಲಿ ಹಂಸವನ್ನೂ ಮಾವಿನಕಾಯಿಯನ್ನೂ ಬಿಡಿಸುತ್ತಿದೆ. ಹೆಣ್ಣುಮಕ್ಕಳು ಸೀರೆಯ ಅಂಗಡಿಯಲ್ಲಿ ಅಂಚನ್ನು ಮಗುಚಿ ಹಿಂಬದಿಯ ಎಳೆಗಳನ್ನು ನೋಡಿ ಬೆಲೆ ಕಟ್ಟುತ್ತಾರಲ್ಲ, ಆ ಕಣ್ಣನ್ನೇ ನಾವು ಗಡಿಯಾರದ ಪಟ್ಟಿಯ ಮೇಲೆ ಇಟ್ಟರೆ ಸಾಕು. ಒಳ್ಳೆಯ ನೇಕಾರನ ಕೈಗೆ ಸಲ್ಲುವ ಹೆಚ್ಚಿನ ಹಣದ ಬಗೆಗೆ ನನ್ನ ಆಕ್ಷೇಪಣೆಯಿಲ್ಲ. ನೇಕಾರನ ಹೆಸರೂ ಊರೂ ಎಲ್ಲಿಯೂ ಇಲ್ಲದೆ ಬರಿಯ ಡಬ್ಬಿಯ ಅಂದಕ್ಕೆ ಹೋಗುವ ಹಣದ ಬಗೆಗೆ ಮಾತ್ರ ಮನಸ್ಸು ಹಿಂಜರಿಯುತ್ತದೆ.

ಶಾಸ್ತ್ರ ತಿಳಿದ ಮೇಲೆ ಪರೀಕ್ಷೆ ನಡೆಯಬೇಕಷ್ಟೆ. ಜನತಾ ಗಡಿಯಾರಕ್ಕೆ ಮೊದಲು 180 ರೂಪಾಯಿಯ ಪಟ್ಟಿಯನ್ನು ಒಂದು ಬೇಸಗೆ, ಒಂದು ಮಳೆಗಾಲ ಕಟ್ಟಿದೆ. ಮೊದಲ ಬಾರಿ ಒಗೆದಾಗಲೇ ನೀಲಿ ಬಣ್ಣ ಬಿಟ್ಟು ನೀರು ಇಂಕಿನಂತಾಯಿತು. ನಾಲ್ಕನೆಯ ತಿಂಗಳಿಗೆ ಅಂಚಿನಲ್ಲಿ ಜುಂಜು ಎದ್ದಿತು. ಆರನೆಯ ತಿಂಗಳಿಗೆ ಬಕಲಿನ ಲೇಪ ಹೋಗಿ ಒಳಗಿನ ಹಿತ್ತಾಳೆ ಇಣುಕಿತು. ಬೆವರು ತಾಗಿ ಹಸಿರು ಕಿಲುಬು ಬಂದು ಮುಂಗೈಯಲ್ಲಿ ಮಚ್ಚೆ ಮೂಡಿಸಿತು. ಮಧ್ಯದ ನೇಯ್ಗೆ ಮಾತ್ರ ಗಟ್ಟಿಯಾಗಿಯೇ ಇತ್ತು. ನೈಲಾನ್ ತನ್ನ ತೂಕದ ಸುಮಾರು ನೂರಕ್ಕೆ ನಾಲ್ಕರಷ್ಟು ತೇವವನ್ನು ಮಾತ್ರ ಗಾಳಿಯಿಂದ ಹಿಡಿದಿಡುತ್ತದೆ. ಹತ್ತಿ ಅದರ ಇಮ್ಮಡಿ ಹಿಡಿಯುತ್ತದೆ. ಆದ್ದರಿಂದ ಮಳೆಯಲ್ಲಿ ನೆನೆದು ಬಂದರೂ ಕೊಡವಿ ಒಣಹಾಕಿದರೆ ಬೇಗ ಆರುತ್ತಿತ್ತು. ಈ ಗುಣಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ.

ಅನಂತರ ದುಬಾರಿ ಪಟ್ಟಿಯ ಸರದಿ. ಅದರ ಅಂಚು ಸವೆಯಲಿಲ್ಲ, ಬಣ್ಣ ಹೋಗಲಿಲ್ಲ. ಬಕಲು ತುಕ್ಕು ಹಿಡಿಯದ ಉಕ್ಕಿನದು. ಉಪ್ಪುನೀರಿಗೂ ಬೆವರಿಗೂ ಜಗ್ಗದಿರಲೆಂದು ಮಾಲಿಬ್ಡಿನಮ್ ಬೆರಸಿದ ಉಕ್ಕಂತೆ. ಕೈಗೆ ಕಟ್ಟಿದ್ದೇ ಮರೆತುಹೋಗುವಷ್ಟು ಹಿತ. ಇಷ್ಟೆಲ್ಲ ಗುಣಗಳುಳ್ಳ ಅದು ಎರಡು ತುಂಡಿನ ಪಟ್ಟಿ. ಗಡಿಯಾರದ ಒಂದೊಂದು ಕಿವಿಗೆ ಒಂದೊಂದು ತುಂಡು. ಬೆನ್ನಿನ ಮೇಲೆ ಬಟ್ಟೆ ಹಾಯುವುದಿಲ್ಲವಾದ್ದರಿಂದ ಗಡಿಯಾರ ಮುಂಗೈಗೆ ಒತ್ತಿಕೊಂಡು ಅಂದವಾಗಿ ಕೂರುತ್ತಿತ್ತು.

ಇವೆರಡನ್ನೂ ತೂಗಿ ನೋಡುತ್ತಿದ್ದ ದಿನಗಳಲ್ಲಿಯೇ, ಅಗ್ಗದ ಪಟ್ಟಿಯನ್ನು ಕಟ್ಟಿಕೊಂಡಿದ್ದ ಒಂದು ಸಂಜೆ, ವಿಜಯನಗರದ ಮೆಟ್ರೊ ನಿಲ್ದಾಣದಲ್ಲಿ ಮೆಟ್ಟಿಲಿಳಿಯುತ್ತಿದ್ದೆ. ಕೆಲಸ ಬಿಡುವ ಹೊತ್ತು, ಜನದ ನೂಕು. ಅವಸರದಲ್ಲಿ ಏರಿ ಬಂದ ಹುಡುಗನೊಬ್ಬನ ಬೆನ್ನುಚೀಲದ ಪಟ್ಟಿ ನನ್ನ ಗಡಿಯಾರಕ್ಕೆ ಸಿಕ್ಕಿ ಜಗ್ಗಿತು. ಕಿವಿಯ ಬಳಿ 'ಟಕ್' ಎಂದಿತು. ಸ್ಪ್ರಿಂಗ್ ಪಿನ್ನು ಹಾರಿ ಹೋಗಿ ಮೆಟ್ಟಿಲ ಮೇಲೆಲ್ಲೋ ಉರುಳಿತು. ಎದೆ ಧಸಕ್ಕೆಂದು ಕೈ ನೋಡಿಕೊಂಡರೆ, ಗಡಿಯಾರ ಒಂದು ಕಿವಿ ಕಳಚಿ, ಬಾವಲಿಯಂತೆ ತಲೆಕೆಳಗಾಗಿ, ಪಟ್ಟಿಯ ಮೇಲೆ ಜೋತಾಡುತ್ತಿತ್ತು. ಬಟ್ಟೆ ಇನ್ನೊಂದು ಪಿನ್ನಿನ ಕೆಳಗೆ ಹಾದುಹೋಗಿದ್ದರಿಂದ ಅದು ನೆಲಕ್ಕೆ ಬೀಳಲಿಲ್ಲ. ಕೆಳಗೆ ಎರಡು ಡಜನ್ ಕಲ್ಲಿನ ಮೆಟ್ಟಿಲುಗಳಿದ್ದವು. ಹುಡುಗ ಪಾಪ, "ಸಾರಿ ಅಂಕಲ್" ಎಂದು ನಿಂತೇಬಿಟ್ಟ. ಫೋನಿನ ದೀಪ ಹಾಕಿ ಪಿನ್ನನ್ನು ಹುಡುಕಿದ. ಅದು ಸಿಗಲಿಲ್ಲ. ಸಿಗದಿದ್ದರೆ ಹೋಗಲಿ ಎಂದು ನಾನೇ ಅವನ ಬೆನ್ನು ತಟ್ಟಿ ಕಳುಹಿಸಿದೆ. ಗಡಿಯಾರವನ್ನು ಕಿವಿಗೆ ಹಿಡಿದೆ. ಓಡುತ್ತಿತ್ತು.

ಮರುದಿನ ನಮ್ಮ ಬಡಾವಣೆಯ ಗಡಿಯಾರ ರಿಪೇರಿಯವರಲ್ಲಿಗೆ ಹೋದೆ. ಮೂರಡಿ ಅಗಲದ ಗೂಡಂಗಡಿ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಅವರು ಹಳೆಯ ಪಿನ್ನನ್ನೂ ತೆಗೆದು ಹೊಸ ಜೋಡಿ ಹಾಕಿ ಮೂವತ್ತು ರೂಪಾಯಿ ತೆಗೆದುಕೊಂಡರು.

"ಸಾರ್, ಎಲ್ಲರೂ ಬೆಲ್ಟು ಯಾವುದು ಅಂತ ಕೇಳ್ತಾರೆ, ಪಿನ್ನು ಯಾವಾಗ ಬದಲಾಯಿಸಿದ್ದು ಅಂತ ಯಾರೂ ಕೇಳಲ್ಲ. ಬೀಳೋ ಗಡಿಯಾರ ಬೀಳೋದು ಬೆಲ್ಟು ಹರಿದು ಅಲ್ಲ, ಪಿನ್ನು ಹಾರಿ" ಎಂದರು.

ಮೂವತ್ತು ರೂಪಾಯಿಗೆ ಇಷ್ಟು ದೊಡ್ಡ ತತ್ತ್ವ ಬೇರೆಲ್ಲಿ ಸಿಕ್ಕೀತು? ಅಲ್ಲಿಯೇ ನಿಂತು ಲೆಕ್ಕ ಹಾಕಿದೆ. ದುಬಾರಿ ಪಟ್ಟಿಯಲ್ಲಿ ನಾವು ಕೊಂಡದ್ದು ಅಂಚಿನ ಬಾಳಿಕೆ, ಮುಂಗೈಯ ಸುಖ, ಬಕಲಿನ ಶುದ್ಧಿ. ಗಡಿಯಾರದ ಪ್ರಾಣವನ್ನು ಕಾದದ್ದು ಒಂದೇ ತುಂಡಿನ ಉಪಾಯ. ಆ ಉಪಾಯಕ್ಕೆ ಬೆಲೆಯೇ ಇಲ್ಲ, 180 ರೂಪಾಯಿಯ ಪಟ್ಟಿಯಲ್ಲಿಯೂ ಅದುಂಟು. ಎರಡು ತುಂಡಿನದು ಎಷ್ಟೇ ಸಾವಿರದ್ದಾಗಲಿ, ಅದರ ಭದ್ರತೆ ಹದಿನೈದು ರೂಪಾಯಿಯ ಪಿನ್ನಿನಷ್ಟೇ. ಆನೆಯನ್ನು ಎಂಥ ದಪ್ಪ ಸರಪಳಿಯಿಂದ ಕಟ್ಟಿದರೂ ಗೂಟ ಸಡಿಲವಾಗಿದ್ದರೆ ಏನು ಪ್ರಯೋಜನ?

ಹಾಗೆಂದು ಅಗ್ಗದ್ದೇ ಶ್ರೇಷ್ಠವೆಂದು ಸಾರಲು ನಾನು ಸಿದ್ಧನಿಲ್ಲ. ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದರೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಜುಂಜೆದ್ದ ಅಂಚು, ಬಾಯ್ತೆರೆದ ತೂತು, ಕಿಲುಬಿನ ಬಕಲು, ಇವು ಮೂರೂ ಕೂಡಿದ ದಿನ ಒಂದೇ ತುಂಡಿನ ಪಟ್ಟಿಯೂ ಕೈಬಿಡುತ್ತದೆ. ಬಕಲಿನ ಬೆಸುಗೆ ಬಿಟ್ಟುಕೊಂಡರೆ ಪಟ್ಟಿ ಗಡಿಯಾರದ ಸಮೇತ ಜಾರುವುದೇ. ವರ್ಷಕ್ಕೆ ಎರಡು ಅಗ್ಗದ ಪಟ್ಟಿ ಬೇಕಾದರೆ ಏಳು ವರ್ಷದಲ್ಲಿ ದುಬಾರಿಯ ಬೆಲೆ ಕೈಬಿಟ್ಟಿರುತ್ತದೆ ಎಂಬುದೂ ಬ್ಯಾಂಕಿನವನ ಕಣ್ಣಿಗೆ ಕಾಣದೆ ಇರಲಿಲ್ಲ. ಆದ್ದರಿಂದ ಮಧ್ಯಮ ಮಾರ್ಗವನ್ನು ಹಿಡಿದು, 650 ರೂಪಾಯಿಗೆ ಇನ್ನೊಂದು ಪಟ್ಟಿಯನ್ನು ಆರಿಸಿ ತಂದೆ: ಒಂದೇ ತುಂಡು, ಎರಡು ಅಂಚೂ ಒಂದೇ ಸಮ, ಉಕ್ಕಿನ ಬಕಲು, ಉಂಗುರಗಳ ಬೆಸುಗೆಯಲ್ಲಿ ಸಂದಿಲ್ಲ, ತೂತುಗಳು ನುಣುಪು. ಹೆಸರು ಯಾವುದೂ ಇರಲಿಲ್ಲ. ಕಾಮಾಕ್ಷಿಪಾಳ್ಯದ ಪಾಠವಿಲ್ಲದಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅಕ್ಕ ಈಗ ಕೆಂಗೇರಿ ಉಪನಗರದಲ್ಲಿ ಮಗಳ ಮನೆಯಲ್ಲಿದ್ದಾಳೆ. 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದಂದಿನಿಂದ ಅವಳನ್ನು ನೋಡಿ ಬರುವುದು ಸುಲಭವಾಗಿದೆ. ಮೂವತ್ತು ವರ್ಷ ಭೂತಗನ್ನಡಿಯಲ್ಲಿ ಇಣುಕಿದ ಕಣ್ಣುಗಳಿಗೆ ಈಗ ಪತ್ರಿಕೆಯ ತಲೆಬರಹ ಮಾತ್ರ ಕಾಣುತ್ತದೆ. ಮೂರು ಪಟ್ಟಿಗಳನ್ನೂ ಗಡಿಯಾರವನ್ನೂ ಅವಳ ಮಡಿಲಿಗೆ ಹಾಕಿ, ಯಾವುದು ಒಳ್ಳೆಯದೆಂದು ಕೇಳಿದೆ. ಬೆಲೆ ಹೇಳಲಿಲ್ಲ.

ಅವಳ ಬೆರಳುಗಳಿಗೆ ವಯಸ್ಸಾಗಿಲ್ಲ. ಒಂದೊಂದನ್ನೂ ಸವರಿ, ಬಗ್ಗಿಸಿ, ಬಕಲಿನ ಮುಳ್ಳನ್ನು ಅಲ್ಲಾಡಿಸಿ ನೋಡಿದಳು. "ಇದು ಬಹಳ ಚೆನ್ನಾಗಿದೆ, ರೇಷ್ಮೆ ಹಾಗಿದೆ" ಎಂದು ದುಬಾರಿಯದನ್ನು ಪಕ್ಕಕ್ಕಿಟ್ಟಳು. ಅಗ್ಗದ್ದನ್ನು ಮುಟ್ಟಿ, "ಇದು ಸೀರೆ ಹರಿಯುತ್ತೆ ಕಣೋ" ಎಂದಳು. 650 ರೂಪಾಯಿಯದನ್ನು ಗಡಿಯಾರಕ್ಕೆ ತಾನೇ ಸೇರಿಸತೊಡಗಿದಳು. ಒಂದು ಕಡ್ಡಿಯ ಕೆಳಗೆ ನುಸುಳಿಸಿ, ಬೆನ್ನಿನ ಮೇಲೆ ಹಾಯಿಸಿ, ಇನ್ನೊಂದರ ಕೆಳಗೆ ಎಳೆದು, ಅರ್ಧದಲ್ಲಿ ಕೈ ನಿಲ್ಲಿಸಿದಳು.

"ಇದು ಬೆನ್ನು ಮುಚ್ಚಿಬಿಡುತ್ತಲ್ಲೋ. ಉಕ್ಕು ಕೈಗೆ ತಣ್ಣಗೆ ತಾಗೋದೇ ಇಲ್ಲ."

"ತಾಗೋದಿಲ್ಲ ಅಕ್ಕ. ಆದರೆ ಪಿನ್ನು ಹೋದರೂ ಬೀಳೋದಿಲ್ಲ" ಎಂದು ಮೆಟ್ಟಿಲಿನ ಕಥೆಯನ್ನೆಲ್ಲ ಹೇಳಿದೆ.

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಕೀಲಿ ತಿರುಗಿಸಿದಳು, ಕಿವಿಗೆ ಹಿಡಿದು ಕೇಳಿದಳು. "ಆ ಸಾಲಿನಲ್ಲಿ ಕೂತಿದ್ದ ನಾವು ಎಷ್ಟು ಜನ ಉಳಿದಿದ್ದೀವೋ. ಇದೊಂದು ಓಡ್ತಾ ಇರಲಿ. ಬೀಳದ ಹಾಗೆ ಕಟ್ಟಿಕೋ" ಎಂದು ನನ್ನ ಮುಂಗೈಗೆ ತಾನೇ ಕಟ್ಟಿದಳು. ಮೂರನೆಯ ತೂತಿಗೆ ಮುಳ್ಳು ಸಿಕ್ಕಿಸಿ, ಬೆರಳು ತೂರಿಸಿ ಬಿಗಿ ನೋಡಿ, ಉಳಿದ ತುದಿಯನ್ನು ಉಂಗುರದೊಳಗೆ ಮಡಿಚಿದಳು.

ದುಬಾರಿ ಪಟ್ಟಿ ಹಾಳಾಗಲಿಲ್ಲ. ಅದನ್ನು ಅಕ್ಕನ ಮೊಮ್ಮಗನ ಹೊಸ ಗಡಿಯಾರಕ್ಕೆ ಹಾಕಿಸಿಕೊಟ್ಟೆ. ಆ ಗಡಿಯಾರ ಬಿದ್ದರೆ ಇನ್ನೊಂದು ಕೊಳ್ಳಬಹುದು. ಅವನ ವಯಸ್ಸಿಗೆ ಅಂದವೂ ಬೇಕು. ಮೂಗುತಿ ಭಾರವೋ ಹಗುರವೋ ಎಂಬುದು ಮೂಗನ್ನು ನೋಡಿ ಹೇಳಬೇಕಾದ ಮಾತು.

ಓದುಗರಲ್ಲಿ ಯಾರಾದರೂ ನಾಳೆ ಪಟ್ಟಿ ಕೊಳ್ಳಲು ಹೊರಟಿದ್ದರೆ ಅವರಿಗೆ ನನ್ನ ಬಿನ್ನಹ ಇಷ್ಟು: ಗಡಿಯಾರದ ಕಿವಿಗಳ ನಡುವಿನ ಅಗಲವನ್ನು ಅಳೆದುಕೊಂಡು ಹೋಗಿ. ಎರಡು ಅಂಚುಗಳನ್ನೂ ಉಗುರಿನಿಂದ ಸವರಿ ನೋಡಿ. ತೂತಿನಲ್ಲಿ ಸೀದ ಗಂಟಿದೆಯೇ, ಉಂಗುರದ ಬೆಸುಗೆ ಕೂಡಿದೆಯೇ ಎಂದು ಬೆಳಕಿಗೆ ಹಿಡಿಯಿರಿ. ಹಳೆಯ ಗಡಿಯಾರವಾದರೆ ಒಂದೇ ತುಂಡಿನದನ್ನು ಆರಿಸಿ. ಅದನ್ನು ಯಾವ ಆಯುಧವೂ ಇಲ್ಲದೆ ಎಳೆದು ತೆಗೆಯಬಹುದಾದ್ದರಿಂದ, ಗಡಿಯಾರಕ್ಕೆ ನೀರು ಸೋಕಿಸದೆ ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಒಗೆಯುವುದಕ್ಕೂ ಅನುಕೂಲ. ಪಟ್ಟಿ ಯಾವುದೇ ಆಗಲಿ, ವರ್ಷಕ್ಕೊಮ್ಮೆ ಎರಡು ಪಿನ್ನುಗಳನ್ನೂ ಬದಲಾಯಿಸಿ. ನನ್ನವು ಬರುವ ಯುಗಾದಿಗೆ ಬದಲಾಗಬೇಕು; ಪಂಚಾಂಗದಲ್ಲಿ ಈಗಲೇ ಗುರುತು ಹಾಕಿಟ್ಟಿದ್ದೇನೆ.